ಎರಡನೇ ಸಾಲಿನ ಹಸಿರು ಗೆರೆ

ನಮ್ಮ ಲ್ಯಾಬಿನಲ್ಲಿ ಬಾಟಲಿ ತೊಳೆಯುವ ಕೋಣೆಗೆ ಬಾಗಿಲಿಲ್ಲ. ಯಾವಾಗಲೋ ರಿಪೇರಿಗೆಂದು ಕಿತ್ತು ಒಯ್ದದ್ದು ವಾಪಸು ಬರಲೇ ಇಲ್ಲ. ಹಾಗಾಗಿ ಚಿಕ್ಕಮ್ಮ ಅಲ್ಲಿ ನಿಂತು, ತೋಳು ಮೊಣಕೈವರೆಗೆ ಮಡಚಿಕೊಂಡು ಬಾಟಲಿ ಉಜ್ಜುವುದು ಆರು ವಾರ ನನಗೆ ಹೋಗುತ್ತಾ ಬರುತ್ತಾ ಕಾಣುತ್ತಲೇ ಇತ್ತು. ಅವಳನ್ನು ಅಲ್ಲಿಗೆ ಹಾಕಿಸಿದವಳು ನಾನೇ.

ಚಿಕ್ಕಮ್ಮ ಎಂದರೆ ನಿಜವಾಗಿಯೂ ನನ್ನ ಚಿಕ್ಕಮ್ಮ, ಅಮ್ಮನ ತಂಗಿ. ನನಗಿಂತ ಹದಿನಾಲ್ಕು ವರ್ಷಕ್ಕೆ ದೊಡ್ಡವಳು. ನಾನು ಈ ಲ್ಯಾಬಿಗೆ ಸೇರುವ ಹೊತ್ತಿಗೆ ಅವಳು ಇಲ್ಲಿ ಟೆಕ್ನಿಷಿಯನ್ ಆಗಿ ಹನ್ನೆರಡು ವರ್ಷ ಸವೆಸಿದ್ದಳು. ಮೊದಲ ದಿನವೇ “ಇಲ್ಲಿ ನಾನು ನಿನ್ನ ಚಿಕ್ಕಮ್ಮ ಅಲ್ಲ, ತಿಳೀತಾ?” ಎಂದು ಎಚ್ಚರಿಸಿದ್ದಳು. ಮೂರನೇ ದಿನ ನಾನು ಎಲ್ಲರೆದುರು “ಚಿಕ್ಕಮ್ಮಾ, ಪಿಪೆಟ್ ಎಲ್ಲಿ?” ಎಂದು ಕೂಗಿಬಿಟ್ಟೆ. ಅಂದಿನಿಂದ ಅವಳು ಇಡೀ ಲ್ಯಾಬಿಗೆ ಚಿಕ್ಕಮ್ಮ. ಅವಳಿಗಿಂತ ವಯಸ್ಸಾದ ನಮ್ಮ ಮುಖ್ಯಸ್ಥರೂ ಹಾಗೇ ಕರೆಯುತ್ತಾರೆ. ಆ ಮುಖ್ಯಸ್ಥರಿಗೆ ನಾವು ಬೆನ್ನ ಹಿಂದೆ ಇಟ್ಟ ಹೆಸರು ಹೌದಾ ಸರ್. ಏನು ಹೇಳಿದರೂ “ಹೌದಾ” ಎನ್ನುತ್ತಾರೆ. ಆ ಒಂದೇ ಮಾತಿನಲ್ಲಿ ಅವರು ಹೊಗಳಬಲ್ಲರು, ಬೈಯಬಲ್ಲರು, ನಿಮ್ಮನ್ನು ಕಾಯಂ ಆಗಿ ಮನೆಗೂ ಕಳಿಸಬಲ್ಲರು.

ನಾವು ಮಾಡುವುದು ಚರ್ಮ. ಸುಟ್ಟ ಗಾಯದವರಿಗೆ ಮುಂದೊಂದು ದಿನ ಹಾಕಲಿ ಎಂದು ತಟ್ಟೆಯಲ್ಲಿ ಬೆಳೆಸುವ ಮನುಷ್ಯರ ಚರ್ಮ. ಅದರಲ್ಲಿ ಎರಡು ಪದರ. ಮೇಲಿನದರಲ್ಲಿ ಕೋಶಗಳು ಇಟ್ಟಿಗೆ ಜೋಡಿಸಿದ ಹಾಗೆ ಒತ್ತೊತ್ತಾಗಿ ಕೂತಿರುತ್ತವೆ. ಕೆಳಗಿನದು ಸಡಿಲ, ನಾರು, ಲೋಳೆ, ನಡುವೆ ಅಲ್ಲೊಂದು ಇಲ್ಲೊಂದು ಕೈಕಾಲು ಚಾಚಿಕೊಂಡ ಕೋಶ. ಇವನ್ನು ಪಠ್ಯಪುಸ್ತಕ ಸಂಯೋಜಕ ಅಂಗಾಂಶದ ಕೋಶಗಳು ಎನ್ನುತ್ತದೆ. ನಮ್ಮ ಬಾಯಲ್ಲಿ ಅವು ಬರೀ ‘ಕೆಳಗಿನವು’, ಇನ್ನೊಂದು ಜಾತಿಯವು ‘ಮೇಲಿನವು’. ಎರಡು ಪದರಗಳ ನಡುವೆ ಒಂದು ತೆಳ್ಳನೆಯ ಹಾಳೆ ಇದೆ, ತಳಪೊರೆ. ಅದು ಸರಿಯಾಗಿದ್ದರೆ ಮೇಲಿನ ಪದರ ಕೆಳಗಿನದನ್ನು ಕಚ್ಚಿ ಹಿಡಿದಿರುತ್ತದೆ. ಇಲ್ಲದಿದ್ದರೆ ಸ್ವಲ್ಪ ಉಜ್ಜಿದರೂ ಬೊಬ್ಬೆ ಎದ್ದು ಕಳಚಿ ಬರುತ್ತದೆ.

ಈ ಹಾಳೆಯನ್ನು ಹೆಣೆಯುವವರು ಯಾರು ಎಂಬುದೇ ನನ್ನ ಜಗಳ. ಮೇಲಿನವು ಒಂದಷ್ಟು ಸಾಮಾನು ಹಾಕುತ್ತವೆ, ಆದರೆ ಅದನ್ನು ಒಂದಕ್ಕೊಂದು ಬಿಗಿಯುವ ಕೊಂಡಿಯಂಥ ಪ್ರೋಟೀನು ಬರುವುದು ಕೆಳಗಿನವುಗಳಿಂದ, ಅವಿಲ್ಲದೆ ಹಾಳೆ ನೆಟ್ಟಗೆ ಕೂಡಿಕೊಳ್ಳುವುದಿಲ್ಲ ಎಂದು ಬಲ್ಲವರೆಲ್ಲ ಹೇಳುತ್ತಿದ್ದರು. ನಾನು ಒಪ್ಪಲಿಲ್ಲ. ಕೆಳಗಿನವನ್ನು ಬೆಳೆಸಲು ಮೂರು ವಾರ ಬೇಕು. ಮೈ ಸುಟ್ಟುಕೊಂಡು ಮಲಗಿದವರಿಗೆ ಮೂರು ವಾರ ಎಲ್ಲಿದೆ? ಮೇಲಿನವಕ್ಕೆ ತಕ್ಕ ಆಹಾರ ಕೊಟ್ಟರೆ ಅವೇ ಎಲ್ಲ ಮಾಡಿಕೊಳ್ಳುತ್ತವೆ ಎಂದು ನಾನು ಹಟ ಹಿಡಿದೆ. ಚಿಕ್ಕಮ್ಮನಿಗೆ ಹೇಳಿದರೆ ಅವಳು ನಕ್ಕಳು.

“ಬರೀ ಮೇಲಿನವರಿಂದ ಈ ಲ್ಯಾಬಲ್ಲಿ ಯಾವ ಕೆಲಸ ಆಗಿದೆಯೇ?” ಎಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಹುಡುಕಿಕೊಂಡು ಹೋಗಬೇಕಾಗಿಲ್ಲ.

ಪ್ರಯೋಗ ಸರಳ. ಗುಳಿಗಳಿರುವ ಒಂದು ತಟ್ಟೆ. ಮೊದಲ ಸಾಲಿನ ಗುಳಿಗಳಲ್ಲಿ ಕೆಳಗಿನ ಕೋಶಗಳನ್ನು ಬೆರೆಸಿದ ಜೆಲ್, ಎರಡನೇ ಸಾಲಿನಲ್ಲಿ ಏನೂ ಬೆರೆಸದ ಬರೀ ಜೆಲ್. ಎರಡರ ಮೇಲೂ ಮೇಲಿನ ಕೋಶಗಳನ್ನು ಬಿಡಬೇಕು. ಎರಡು ವಾರ ಕಾದು, ತೆಳ್ಳಗೆ ಕೊಯ್ದು, ತಳಪೊರೆಗೆ ಅಂಟುವ ಹಸಿರು ಬಣ್ಣ ಹಾಕಿ ನೋಡಬೇಕು. ಎರಡನೇ ಸಾಲಿನಲ್ಲೂ ಹಸಿರು ಗೆರೆ ಕಂಡರೆ ನಾನು ಗೆದ್ದೆ. ಜೆಲ್ ಹುಯ್ಯುವುದು ಯಾವತ್ತೂ ಚಿಕ್ಕಮ್ಮನ ಕೆಲಸ. ಗುಳ್ಳೆ ಏಳದ ಹಾಗೆ ಹುಯ್ಯಲು ಅವಳಷ್ಟು ಹಗುರ ಕೈ ಇನ್ನೊಂದಿಲ್ಲ.

ಮೇಲಿನವುಗಳದ್ದು ಒಂದು ತಕರಾರು ಇದೆ. ಅವು ಒಂಟಿಯಾಗಿ ಬೆಳೆಯುವುದಿಲ್ಲ. ಮೊದಲು ತಟ್ಟೆಯ ತಳದಲ್ಲಿ ಇಲಿಯ ಕೋಶಗಳ ಒಂದು ಹಾಸು ಹಾಕಬೇಕು. ಇಲಿಯವೂ ಕೆಳಗಿನ ಜಾತಿಯವೇ. ಸಂಖ್ಯೆ ಹೆಚ್ಚದಂತೆ ಮದ್ದು ಕೊಟ್ಟಿರುತ್ತೇವೆ, ಆದರೆ ಜೀವ ಇರುತ್ತದೆ. ಮೇಲಿನವನ್ನು ಪ್ರಯೋಗಕ್ಕೆ ಎತ್ತಿಕೊಳ್ಳುವ ಮುಂಚೆ ಈ ಇಲಿಯವನ್ನು ತೊಳೆದು ಕಳೆಯಬೇಕು. ತೆಳು ದ್ರಾವಣ ಹಾಕಿ, ತಟ್ಟೆಯನ್ನು ಅಂಗೈಗೆ ಮೆಲ್ಲಗೆ ತಟ್ಟಿ, ಚೆಲ್ಲಿ, ಮೈಕ್ರೋಸ್ಕೋಪಿನಲ್ಲಿ ನೋಡಿ, ಮತ್ತೆ ಹಾಕಿ, ಮತ್ತೆ ನೋಡಬೇಕು. ಇದೂ ಚಿಕ್ಕಮ್ಮನದೇ ಕೆಲಸ. ಆದರೆ ಆ ದಿನ ಅವಳು ರಜೆ ಹಾಕಿದ್ದಳು. ನನ್ನ ಅಮ್ಮನ ಎಡಗಣ್ಣಿನ ಪೊರೆ ತೆಗೆಸುವುದಿತ್ತು. ಕರೆದುಕೊಂಡು ಹೋಗಬೇಕಾದವಳು ನಾನು, ನನಗೆ ಪುರುಸೊತ್ತಿರಲಿಲ್ಲ.

ಹಿಂದಿನ ಸಂಜೆ ಚಿಕ್ಕಮ್ಮ ಜೆಲ್ ಎಲ್ಲ ಹುಯ್ದಿಟ್ಟು ನಮ್ಮ ಮನೆಗೆ ಬಂದಳು. ಅಮ್ಮನ ಚೀಲಕ್ಕೆ ಬಟ್ಟೆ ತುಂಬುತ್ತಾ ಹೇಳಿದಳು.

“ನಾಳೆ ಇಲಿಯವನ್ನ ಪೂರ್ತಿ ತೊಳಿ. ಒಂದು ಸಲ ನೋಡಿ ಬಿಟ್ಟುಬಿಡ್ಬೇಡ, ಎರಡು ಸಲ ನೋಡು.”

“ನನಗೇ ಪಾಠ ಹೇಳ್ತೀಯಾ?”

“ಹೇಳ್ಬಾರ್ದಾ?”

“ಡಾಕ್ಟರೇಟ್ ಮಾಡಿರೋದು ನಾನು ಚಿಕ್ಕಮ್ಮ.”

“ಆಯ್ತು ತಾಯಿ, ನೀನೇ ಮಾಡಿರೋದು,” ಎಂದು ಚೀಲದ ಜಿಪ್ ಎಳೆದಳು.

ಮರುದಿನ ನಾನು ಒಂದು ಸಲ ತೊಳೆದೆ, ಒಂದು ಸಲ ನೋಡಿದೆ. ಮೂಲೆಯಲ್ಲಿ ಏನೋ ಅಂಟಿಕೊಂಡಿದ್ದ ಹಾಗಿತ್ತು. ಅಷ್ಟರಲ್ಲಿ ಪಕ್ಕದ ವಿಭಾಗದವರು ನಾನು ಕೂತಿದ್ದ ಜಾಗ ತಮಗೆ ಬೇಕೆಂದು ಬಂದು ನಿಂತರು. ಅವರ ಜೊತೆ ಜಗಳವಾಡಿದೆ. ಜಗಳದಲ್ಲಿ ಹೊತ್ತು ಹೋಯಿತು. ಹೋಗಲಿ ಬಿಡು ಎಂದುಕೊಂಡು ಮೇಲಿನವನ್ನು ಬಿಡಿಸಿ ಎರಡೂ ಸಾಲಿಗೆ ಹಾಕಿದೆ. ಆ ‘ಹೋಗಲಿ ಬಿಡು’ ಆಮೇಲೆ ಎಷ್ಟೋ ತಿಂಗಳು ನನಗೆ ನೆನಪೇ ಆಗಲಿಲ್ಲ. ಇದೊಂದು ಮಾತ್ರ ಸುಳ್ಳಲ್ಲ.

ಎರಡು ವಾರದ ನಂತರ ಎರಡನೇ ಸಾಲಿನಲ್ಲೂ ಹಸಿರು ಗೆರೆ ಇತ್ತು. ಮೊದಲ ಸಾಲಿನಷ್ಟು ದಪ್ಪ ಅಲ್ಲ, ಅಲ್ಲಲ್ಲಿ ಮಾಸಲು. ಆದರೂ ಗೆರೆ ಗೆರೆಯೇ. ನಾನು ನೆಲದ ಮೇಲೆ ನಡೆಯಲಿಲ್ಲ, ಹಾರಾಡಿದೆ. ಹೌದಾ ಸರ್ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು “ಹೌ...ದಾ” ಎಂದು ಎಳೆದರು, ಅದು ಅವರ ಅತಿ ದೊಡ್ಡ ಹೊಗಳಿಕೆ. ಚಿಕ್ಕಮ್ಮನೂ ನೋಡಿದಳು. ತುಂಬಾ ಹೊತ್ತು ನೋಡಿದಳು. “ಚೆನ್ನಾಗಿದೆ,” ಎಂದು ಎದ್ದು ಹೋದಳು. ಹೊಟ್ಟೆಕಿಚ್ಚು ಎಂದುಕೊಂಡೆ. ಅಂಥದ್ದನ್ನು ಅಂದುಕೊಳ್ಳುವ ಬುದ್ಧಿ ನನ್ನದಾಗಿತ್ತು.

ಹೌದಾ ಸರ್ ಈ ವಿಧಾನವನ್ನು ಬೇರೆ ಊರಿನ ಒಂದು ಲ್ಯಾಬಿಗೆ ಕಳಿಸಿದರು. ಅವರು ನಾಲ್ಕು ತಿಂಗಳು ಮಾಡಿ ನೋಡಿ ಪತ್ರ ಬರೆದರು. ಹಸಿರು ಗೆರೆ ಇಲ್ಲ, ಅಲ್ಲಲ್ಲಿ ಚೂರುಪಾರು ಮಾತ್ರ. ಚಿಮಟದಿಂದ ಮುಟ್ಟಿದರೆ ಮೇಲಿನ ಪದರ ಒದ್ದೆ ಕಾಲುಚೀಲದ ಹಾಗೆ ಜಾರಿ ಬರುತ್ತದೆ. ನಿಮ್ಮ ಬರೀ ಜೆಲ್ ನಿಜಕ್ಕೂ ಬರೀ ಜೆಲ್ಲೇ ಆಗಿತ್ತೇ, ದಯವಿಟ್ಟು ಪರೀಕ್ಷಿಸಿ.

ಸಭೆ ಸೇರಿತು. ಉದ್ದನೆಯ ಮೇಜು, ಎಂಟು ಜನ, ಕೊನೆಯ ಕುರ್ಚಿಯಲ್ಲಿ ಚಿಕ್ಕಮ್ಮ. ಹೌದಾ ಸರ್ ಪತ್ರವನ್ನು ಎರಡು ಸಲ ಓದಿ ನನ್ನತ್ತ ನೋಡಿದರು.

“ಆ ಜೆಲ್ ಹುಯ್ದದ್ದು ಯಾರು?”

“ಚಿಕ್ಕಮ್ಮ,” ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಅದು ಬರೀ ಉತ್ತರ. ನಾನು ನಿಲ್ಲಿಸಲಿಲ್ಲ. “ಅವತ್ತು ಅವರು ಸ್ವಲ್ಪ ಅವಸರದಲ್ಲಿದ್ರು ಸರ್, ಮಾರನೇ ದಿನ ರಜೆ ಇತ್ತಲ್ಲ. ಜೆಲ್ಲಿನ ಪಾತ್ರೆಗಳು ಎಲ್ಲೋ ಒಂದು ಸಲ ಅದಲು ಬದಲಾಗಿರಬಹುದು. ಕೆಳಗಿನವು ಸ್ವಲ್ಪ ಎರಡನೇ ಸಾಲಿಗೂ ಬಿದ್ದಿರಬಹುದು.”

ಯಾರಿಗಾಗಿ ಹಾಕಿದ ರಜೆ ಎಂದು ಹೇಳಲಿಲ್ಲ.

ಚಿಕ್ಕಮ್ಮ ಕೈಯೆತ್ತಿ ಮಾತಾಡಿದಳು. “ನಾನು ಹಾಕಿಲ್ಲ ಸರ್. ಕೆಳಗಿನವು ಬಿದ್ದಿದ್ರೆ ಜೆಲ್ ಕುಗ್ಗಿರೋದು, ಅವು ಎಳೆದು ಕುಗ್ಗಿಸ್ತವೆ. ಎರಡನೇ ಸಾಲು ಕುಗ್ಗಿರಲಿಲ್ಲ. ನೀವೆಲ್ಲ ನೋಡಿದ್ದೀರಿ.”

ಮಾತು ಸರಿಯಾಗಿತ್ತು. ಅದಕ್ಕೇ ನನಗೆ ಸಿಟ್ಟು ಬಂತು. “ಸ್ವಲ್ಪವೇ ಬಿದ್ದಿದ್ರೆ ಕುಗ್ಗಲ್ಲ,” ಎಂದೆ. ಅದೂ ಸರಿಯೇ. ಸರಿಯಾದ ಮಾತಿನಿಂದಲೇ ಮನೆಯವಳ ಮೇಲೆ ಗೂಬೆ ಕೂರಿಸಿದೆ. ಚಿಕ್ಕಮ್ಮ ನನ್ನನ್ನೇ ನೋಡಿದಳು, ಕೈ ಇಳಿಸಿದಳು.

“ಹೌದಾ,” ಎಂದರು ಸರ್. ಇದು ಚಿಕ್ಕ ‘ಹೌದಾ’, ಕಡತ ಮುಚ್ಚುವಂಥದ್ದು. ಚಿಕ್ಕಮ್ಮ ಸದ್ಯಕ್ಕೆ ಕೋಶಗಳನ್ನು ಮುಟ್ಟಕೂಡದು, ಬಾಟಲಿ ತೊಳೆಯುವ ಕಡೆ ಇರಲಿ. ಆರು ವಾರದ ಮೇಲೆ ಸಮಿತಿ ಕೂತು ಅವಳನ್ನು ಉಳಿಸಿಕೊಳ್ಳುವುದೋ ಬಿಡುವುದೋ ತೀರ್ಮಾನ ಮಾಡುತ್ತದೆ. ಜೆಲ್ಲಿನಲ್ಲಿ ಕೆಳಗಿನ ಕೋಶ ಇತ್ತು ಎಂಬುದಕ್ಕೆ ಪುರಾವೆ ಸಮೇತ ವರದಿ ನಾನು ಬರೆದುಕೊಡಬೇಕು. ಇಪ್ಪತ್ತಾರು ವರ್ಷದ ಕೆಲಸ, ನನ್ನ ಎರಡು ಪುಟದ ಮೇಲೆ ನಿಂತಿತು.

ನಾನು ಆ ಎರಡು ಪುಟವನ್ನು ಮುಂದಕ್ಕೆ ಹಾಕುತ್ತಲೇ ಬಂದೆ. ಸಮಿತಿ ಮಂಗಳವಾರ ಎಂದಾಗ ಹಿಂದಿನ ಗುರುವಾರ ಬೆಳಿಗ್ಗೆ ಫ್ರೀಜರಿನಿಂದ ಎರಡನೇ ಸಾಲಿನ ಹಳೆಯ ತುಂಡುಗಳನ್ನು, ಗಾಜಿನ ಪಟ್ಟಿಗೆ ಅಂಟಿಸಿಟ್ಟಿದ್ದವನ್ನು ತೆಗೆದೆ. ಕೋಶದ ತಿರುಳಿಗೆ ಹತ್ತುವ ನೀಲಿ ಬಣ್ಣ ಹಾಕಿ, ಕತ್ತಲೆ ಕೋಣೆಯ ಕೀಲಿ ತೆಗೆದುಕೊಂಡು ಹೋಗಿ ಕೂತೆ. ಹಸಿರು ಗೆರೆಯ ಕೆಳಗೆ ನೀಲಿ ತಿರುಳುಗಳು ಕಂಡರೆ ಎಣಿಸಿ ಬರೆದರೆ ಆಯಿತು, ಚಿಕ್ಕಮ್ಮನ ತಪ್ಪು ಅಂಕಿಯಲ್ಲಿ ಬಂದಂತೆ.

ತಿರುಳುಗಳು ಇದ್ದವು. ಗೆರೆಯ ಕೆಳಗೇ, ಜೆಲ್ಲಿನ ಮೇಲಂಚಿಗೆ ಒರಗಿಕೊಂಡು, ಒಂದೊಂದೇ. ಜೆಲ್ಲಿನ ಒಳಗೆ ಎಲ್ಲೂ ಇಲ್ಲ. ಹುಯ್ಯುವಾಗ ಬಿದ್ದಿದ್ದರೆ ಆಳದಲ್ಲೂ ಇರಬೇಕಿತ್ತು. ಇವು ಮೇಲಿಂದ ಬಂದಿದ್ದವು. ಲೆನ್ಸ್ ಬದಲಿಸಿ ಹತ್ತಿರದಿಂದ ನೋಡಿದೆ. ಮನುಷ್ಯರ ಕೋಶದ ತಿರುಳು ಈ ಬಣ್ಣದಲ್ಲಿ ಒಂದೇ ಸಮ ನೀಲಿ ಕಾಣುತ್ತದೆ. ಇಲಿಯದರಲ್ಲಿ ಹೊಳೆಯುವ ಚುಕ್ಕೆಗಳಿರುತ್ತವೆ. ನಮ್ಮ ಕೆಲಸದಲ್ಲಿ ಇದು ಅ ಆ ಇ ಈ. ಗೆರೆಯ ಕೆಳಗಿದ್ದ ಒಂದೊಂದರಲ್ಲೂ ಚುಕ್ಕೆಗಳಿದ್ದವು.

ಚಿಕ್ಕಮ್ಮ ಜೆಲ್ಲಿಗೆ ಬೆರೆಸುತ್ತಿದ್ದದ್ದು ಮನುಷ್ಯರವು. ಇಲಿಯವು ಇದ್ದದ್ದು ನನ್ನ ತಟ್ಟೆಯಲ್ಲಿ, ನಾನು ಒಂದೇ ಸಲ ತೊಳೆದು ‘ಹೋಗಲಿ ಬಿಡು’ ಎಂದ ತಟ್ಟೆಯಲ್ಲಿ. ನಾನು ಬೇಡವೇ ಬೇಡ ಎಂದಿದ್ದ ಕೆಳಗಿನವೇ ಅಲ್ಲಿ ಸದ್ದಿಲ್ಲದೆ ಕೂತು ತಳಪೊರೆ ಹೆಣೆದು ಕೊಟ್ಟಿದ್ದವು. ಅದನ್ನು ನನ್ನ ಗೆಲುವು ಎಂದು ಊರೆಲ್ಲ ಸಾರಿದ್ದೆ.

ಆಮೇಲೆ ನಾನು ಏನು ಮಾಡಿದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಎದ್ದು ಓಡಿಹೋಗಿ ಹೌದಾ ಸರ್ ಬಾಗಿಲು ಬಡಿಯಲಿಲ್ಲ. ಆ ಗಾಜಿನ ಪಟ್ಟಿಯನ್ನು ಕಾಗದದಲ್ಲಿ ಸುತ್ತಿ ನನ್ನ ಕೈಚೀಲದ ಒಳಜೇಬಿಗೆ ಇಟ್ಟೆ. ಜಿಪ್ ಎಳೆದೆ. ಮುಖ ಒರೆಸಿಕೊಂಡು ಹೊರಗೆ ಬಂದೆ. ಎದುರು ಕೋಣೆಯಲ್ಲಿ ನೀರು ಸುರಿಯುತ್ತಿತ್ತು.

ಶುಕ್ರವಾರ ಹೇಳಲಿಲ್ಲ. ಬಣ್ಣದ ಕಸ ಇರಬಹುದು, ಇನ್ನೊಮ್ಮೆ ನೋಡೋಣ ಎಂದುಕೊಂಡೆ. ಇನ್ನೊಮ್ಮೆ ನೋಡಲಿಲ್ಲ. ಶನಿವಾರ, ಚಿಕ್ಕಮ್ಮನಿಗೆ ಹೇಗೂ ಸುಸ್ತಾಗಿದೆ, ಮನೆಯಲ್ಲಿ ಆರಾಮಾಗಿ ಇರಬಹುದಲ್ಲ ಎಂಬ ಯೋಚನೆ ಕೂಡ ಬಂತು. ಯಾವ ಬಾಯಲ್ಲಿ ಇದನ್ನು ಬರೆಯಲಿ, ಆದರೂ ಬಂತು.

ಭಾನುವಾರ ಅವಳು ಎಂದಿನಂತೆ ಮನೆಗೆ ಬಂದಳು. ಆರು ವಾರದಲ್ಲಿ ಒಂದು ಭಾನುವಾರವೂ ತಪ್ಪಿಸಿರಲಿಲ್ಲ. ಅಮ್ಮನಿಗೆ ಏನೂ ಹೇಳಿರಲಿಲ್ಲ. ಕಿಟಕಿಯ ಪಕ್ಕ ಕೂತು ಅಮ್ಮನ ಉಗುರು ಕತ್ತರಿಸತೊಡಗಿದಳು. ಅಮ್ಮ ಅವಳ ಕೈಯನ್ನೇ ಹಿಡಿದು ಬೆಳಕಿಗೆ ತಿರುಗಿಸಿದಳು.

“ಇದೇನೇ ನಿನ್ನ ಕೈ ಹೀಗಾಗಿದೆ? ಬೆರಳ ಸಂದಿಯೆಲ್ಲ ಒಡೆದು ಹೋಗಿದೆಯಲ್ಲ.”

“ಸೋಪಿಂದು ಅಕ್ಕ.”

“ಎಂಥ ಸೋಪು? ಆಪರೇಷನ್ ಆದ ಕಣ್ಣು ಇದು, ಎಲ್ಲ ಕಾಣುತ್ತೆ ನನಗೆ. ಅದೇನು ಇವಳ ಲ್ಯಾಬಲ್ಲಿ ನಿನ್ನ ಕೈಲಿ ಪಾತ್ರೆ ತೊಳೆಸ್ತಾರಾ?” ಅಮ್ಮ ನಗುತ್ತಲೇ ನನ್ನ ಕಡೆ ತಿರುಗಿದಳು. “ಏನೇ, ನೀನಿದ್ದುಕೊಂಡು ನೋಡ್ಕೊಳ್ಳೋದಿಲ್ವಾ ಚಿಕ್ಕಮ್ಮನ್ನ?”

ಚಿಕ್ಕಮ್ಮ ಕತ್ತರಿ ಹಿಡಿದುಕೊಂಡು ಸುಮ್ಮನೆ ಕೂತಿದ್ದಳು. ನನ್ನ ಉತ್ತರಕ್ಕೆ ಕಾಯುವವಳ ಹಾಗೆ ನನ್ನ ಮುಖ ನೋಡುತ್ತಿದ್ದಳು. ನನ್ನ ಕೈಚೀಲ ಅವಳ ಪಕ್ಕದ ಗೂಟದಲ್ಲೇ ನೇತಾಡುತ್ತಿತ್ತು.

“ಟೀಗೆ ಇಟ್ಟಿದ್ದೆ,” ಎಂದು ಒಳಗೆ ಹೋದೆ.

ಅಡುಗೆಮನೆಯಲ್ಲಿ ನಿಂತು ಅತ್ತೆ. ಅಳುವುದು ಸುಲಭ. ಅತ್ತು ಮುಗಿಸಿ, ಟೀ ಸೋಸಿ, ಮೂರು ಲೋಟ ತಂದು ಕೊಟ್ಟೆ, ಮೂವರೂ ಕುಡಿದೆವು.

ಮಂಗಳವಾರ ಬೆಳಿಗ್ಗೆ ಸಮಿತಿ ಹನ್ನೊಂದಕ್ಕೆ. ಒಂಬತ್ತೂವರೆಗೆ ಬಾಟಲಿ ತೊಳೆಯುವ ಕೋಣೆಯ ಮುಂದೆ ಹೋಗಿ ನಿಂತೆ. ಬಡಿಯಲು ಬಾಗಿಲೂ ಇರಲಿಲ್ಲ. ಚಿಕ್ಕಮ್ಮ ಬ್ರಷ್ಷನ್ನು ಬಾಟಲಿಯೊಳಗೆ ತಿರುಗಿಸುತ್ತಿದ್ದಳು. ಲ್ಯಾಬಿನಲ್ಲಿ ನಾನು ಅವಳನ್ನು ‘ನೀವು’ ಎನ್ನುತ್ತೇನೆ. ಅವತ್ತು ಬಾಯಿಗೆ ಬರಲಿಲ್ಲ.

“ತಪ್ಪು ನಂದು ಚಿಕ್ಕಮ್ಮ. ನಿಂದಲ್ಲ. ಇಲಿಯವು ಉಳಿದುಬಿಟ್ಟಿದ್ವು. ನಾನು ಒಂದೇ ಸಲ ತೊಳೆದೆ.”

“ಗೊತ್ತು,” ಎಂದಳು ಅವಳು, ಬ್ರಷ್ ನಿಲ್ಲಿಸದೆ.

“ಯಾವಾಗಿಂದ?”

“ನೀನು ಹಸಿರು ಗೆರೆ ತೋರಿಸಿದೆಯಲ್ಲ, ಆ ವಾರವೇ. ಒಂದು ತುಂಡು ಮಿಕ್ಕಿತ್ತು, ನೀಲಿ ಹಾಕಿ ನೋಡಿದೆ. ಚುಕ್ಕೆ ಕಂಡ್ವು. ಏಳನೇ ನಂಬರಿನ ಗಾಜು ನನ್ನ ಡ್ರಾಯರಲ್ಲಿದೆ.”

“ಅವತ್ತೇ ಹೇಳಿದ್ರೆ ಇಷ್ಟೆಲ್ಲ...”

“ಅವತ್ತು ಹೇಳೋಕೆ ಬಂದೆ. ನೀನು ‘ಈಗ ಬೇಡ ಚಿಕ್ಕಮ್ಮ, ನೀವು ಯಾವಾಗಲೂ ಕಲ್ಲು ಹಾಕೋಕೇ ಬರ್ತೀರಿ’ ಅಂದೆ. ನೆನಪಿದೆಯಾ?”

ನೆನಪಿರಲಿಲ್ಲ. ಅಂದಿರುತ್ತೇನೆ.

“ಸಭೆಯಲ್ಲಾದ್ರೂ ಹೇಳ್ಬಹುದಿತ್ತು. ಗಾಜು ನಿನ್ನ ಹತ್ರಾನೇ ಇತ್ತಲ್ಲ.”

ಅವಳು ಬಾಟಲಿ ಬೋರಲು ಹಾಕಿ ಕೈ ಒರೆಸಿಕೊಂಡಳು. ಒಡೆದ ಬೆರಳಿಗೆ ಬಟ್ಟೆ ತಾಗಿದಾಗ ಮುಖ ಸ್ವಲ್ಪ ಕಿವುಚಿತು.

“ಹೇಳಿದ್ರೆ ನಿನ್ನ ಕೆಲಸ ಹೋಗ್ತಿತ್ತು. ನಿನಗೆ ಗೊತ್ತಿಲ್ಲದೆ ಆಗಿರೋ ತಪ್ಪು ಅದು. ಗೊತ್ತಿಲ್ಲದೆ ನನ್ನ ಮೇಲೆ ಹಾಕಿದ್ದೀಯಾ ಅಂತ ಅಂದ್ಕೊಂಡೆ. ವರದಿ ಬರಿಯೋಕೆ ನೀಲಿ ಹಾಕೇ ಹಾಕ್ತೀಯಾ, ಹಾಕಿದ್ರೆ ಗೊತ್ತಾಗೇ ಆಗುತ್ತೆ. ಗೊತ್ತಾದ ತಕ್ಷಣ ಬಂದು ಹೇಳ್ತೀಯಾ ಅಂತ ಕಾದೆ.”

“ಅದಕ್ಕೇ ಬಂದೆ,” ಎಂದೆ.

“ಗುರುವಾರ ಗೊತ್ತಾಯ್ತಲ್ಲೇ ನಿನಗೆ,” ಎಂದಳು. ದನಿ ಏರಲಿಲ್ಲ. “ಕತ್ತಲೆ ಕೋಣೆಯಿಂದ ಹೊರಗೆ ಬಂದೆಯಲ್ಲ, ಇಲ್ಲಿಂದ ನಿನ್ನ ಮುಖ ಕಾಣಿಸ್ತು. ಇವತ್ತು ಮಂಗಳವಾರ.”

ಮಾಡಿದ ತಪ್ಪಿಗೆ, ಆಡಿದ ಮಾತಿಗೆ ಏನಾದರೂ ಸಮಜಾಯಿಷಿ ಹುಡುಕಬಹುದಿತ್ತೇನೋ. ಆ ಐದು ದಿನಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ. ಅವಳು ಭಾನುವಾರ ಕತ್ತರಿ ಹಿಡಿದು ಕಾದದ್ದು ಯಾವುದಕ್ಕೆ ಎಂದು ಈಗ ತಿಳಿಯಿತು. ನಾಚಿಕೆ ಎಂದರೆ ಕೆನ್ನೆ ಕೆಂಪಾಗುವುದು ಎಂದುಕೊಂಡಿದ್ದೆ. ನನ್ನ ಕೈಕಾಲು ತಣ್ಣಗಾದವು.

ಹನ್ನೊಂದಕ್ಕೆ ಸಮಿತಿಯ ಮುಂದೆ ಎಲ್ಲ ಹೇಳಿದೆ. ಒಂದೇ ಸಲ ತೊಳೆದದ್ದು, ಮೂಲೆಯಲ್ಲಿ ಕಂಡದ್ದನ್ನು ಬಿಟ್ಟದ್ದು, ರಜೆ ನನ್ನ ಅಮ್ಮನಿಗಾಗಿ ಹಾಕಿದ್ದು, ಗುರುವಾರದಿಂದ ಗಾಜಿನ ಪಟ್ಟಿ ನನ್ನ ಚೀಲದಲ್ಲಿದ್ದದ್ದು. ಈ ಕೊನೆಯದನ್ನು ಬಿಟ್ಟರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಕೊನೆಯ ಕುರ್ಚಿಯಲ್ಲಿ ಕೂತವಳಿಗೆ ಹೊರತು. ಹೌದಾ ಸರ್ “ಹೌದಾ?” ಎಂದರು. ನನ್ನನ್ನಲ್ಲ, ಚಿಕ್ಕಮ್ಮನನ್ನು ನೋಡಿ.

“ಹೌದು ಸರ್,” ಎಂದಳು ಅವಳು.

ಬೇರೆ ಊರಿನ ಲ್ಯಾಬಿಗೆ ಪತ್ರ ನಾನೇ ಬರೆದೆ. ನಿಮ್ಮದೇ ಸರಿ, ಕೆಳಗಿನವು ಬೇಕು, ನಮ್ಮಲ್ಲಿ ಅವು ನಮಗೆ ತಿಳಿಯದೆ ಇದ್ದವು. ಸಮಿತಿ ನನ್ನನ್ನು ತೆಗೆಯಲಿಲ್ಲ. ಪ್ರಯೋಗವನ್ನು ಮೊದಲಿಂದ ಮಾಡು, ಇನ್ನು ಮೇಲೆ ನಿನ್ನ ಪ್ರತಿ ಹೆಜ್ಜೆಗೂ ಇನ್ನೊಬ್ಬರ ಸಹಿ ಬೇಕು ಎಂದಿತು. ಚಿಕ್ಕಮ್ಮ ಬುಧವಾರ ತನ್ನ ಹಳೆಯ ಕುರ್ಚಿಗೆ ವಾಪಸು ಬಂದಳು. ಕೈಗೆ ಮುಲಾಮು ಹಚ್ಚಿ, ಅದರ ಮೇಲೆ ಎರಡು ಜೊತೆ ಗವಸು ಹಾಕಿಕೊಂಡು ಜೆಲ್ ಹುಯ್ದಳು. ಭಾನುವಾರ ಮನೆಗೂ ಬಂದಳು. ಅಮ್ಮನಿಗೆ ನಾನೇ ಎಲ್ಲ ಹೇಳಿದೆ. ಅಮ್ಮ ಆ ದಿನ ಪೂರ್ತಿ ನನ್ನ ಜೊತೆ ಮಾತಾಡಲಿಲ್ಲ.

ಮುಂದಿನ ವಾರ ಮತ್ತೆ ಮೇಲಿನವನ್ನು ಎತ್ತುವ ದಿನ ಬಂತು. ನಾನೇ ತೊಳೆಯುತ್ತೇನೆ ಎಂದೆ. ದ್ರಾವಣ ಹಾಕಿ, ತಟ್ಟೆಯನ್ನು ಅಂಗೈಗೆ ತಟ್ಟಿ, ಚೆಲ್ಲಿ, ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಮತ್ತೆ ತೊಳೆದೆ, ನಾಲ್ಕು ಮೂಲೆಯನ್ನೂ ನೋಡಿದೆ. ಒಂದೂ ಇರಲಿಲ್ಲ. “ಎರಡು ಸಲ ನೋಡಿದೆ ಚಿಕ್ಕಮ್ಮ, ಸಹಿ ಹಾಕ್ತೀರಾ?” ಎಂದೆ.

ಮೊದಲಾಗಿದ್ದರೆ ಅವಳು ಹೂಂ ಎಂದು ಪೆನ್ನು ಎತ್ತಿಕೊಳ್ಳುತ್ತಿದ್ದಳು. ಈಗ ಹತ್ತಿರ ಬಂದು, ನನ್ನ ಭುಜ ಮುಟ್ಟಿ ಸ್ವಲ್ಪ ಸರಿಸಿ, ಕನ್ನಡಕ ತೆಗೆದಿಟ್ಟು ಆ ಸ್ಟೂಲಿನ ಮೇಲೆ ಕೂತಳು. ಮೂರನೇ ಸಲ ತಾನೇ ನೋಡಿದಳು.